ಚೀಟಿ ಯಾರದ್ದು?

ಕೆಲವು ತಿಂಗಳ ಹಿಂದಿನ ಮಾತು. ಮೂರು ದಿನ ರಜೆ ಹಾಕಿ ಊರಿಗೆ ಹೋಗಿದ್ದೆ. ನಮ್ಮದು ತೀರ್ಥಹಳ್ಳಿಯಿಂದ ಇನ್ನೂ ಒಳಗೆ ಇರೋ ಹಳ್ಳಿ. ಅಮ್ಮನಿಗೆ ಐದಾರು ವರ್ಷದಿಂದ ಬಿ.ಪಿ. ಇದೆ. ತೀರ್ಥಹಳ್ಳಿಯ ಡಾಕ್ಟರು ಬರೆದುಕೊಟ್ಟ ಒಂದು ಮಾತ್ರೆಯನ್ನು ದಿನಾ ಬೆಳಿಗ್ಗೆ ತಿಂಡಿ ಆದ ಮೇಲೆ ತಪ್ಪದೇ ನುಂಗುತ್ತಾಳೆ. ಆ ಸಲ ಮನೆಯಲ್ಲಿರೋ ಮೆಷಿನ್ನಿನಲ್ಲಿ ನೋಡಿದರೆ ಬಿ.ಪಿ. ಸ್ವಲ್ಪ ಜಾಸ್ತಿಯೇ ತೋರಿಸ್ತು.

"ಶಿವಮೊಗ್ಗಕ್ಕೆ ಹೋಗಿ ದೊಡ್ಡ ಡಾಕ್ಟರಿಗೆ ತೋರಿಸ್ಕೊಂಡು ಬರೋಣ" ಅಂದೆ.

"ಅಡಿಕೆ ಸುಲಿಯೋ ಕೆಲ್ಸ ಅರ್ಧಕ್ಕೆ ನಿಂತಿದೆ. ಈಗ ಎಲ್ಲಿ ಶಿವಮೊಗ್ಗ ಮಾರಾಯ!" ಅಂದಳು ಅಮ್ಮ.

ಮಗ ಸಾಫ್ಟ್‌ವೇರ್ ಇಂಜಿನಿಯರ್ ಅಲ್ವಾ, ತಕ್ಷಣ ಮೊಬೈಲ್ ತೆಗೆದೆ. ಒಂದು ಆಪ್ ಇಳಿಸಿದೆ, ದುಡ್ಡು ಕಟ್ಟಿದೆ, ಅರ್ಧ ಗಂಟೆಯಲ್ಲಿ ವಿಡಿಯೋ ಕಾಲ್. ನಮ್ಮನೆಯಲ್ಲಿ ಸಿಗ್ನಲ್ ಸಿಗೋದು ಜಗಲಿಯ ಕಿಟಕಿ ಹತ್ತಿರ ಮಾತ್ರ. ಅಲ್ಲೇ ಒಂದು ಸ್ಟೀಲ್ ಡಬ್ಬಿಗೆ ಮೊಬೈಲ್ ಒರಗಿಸಿ ಅಮ್ಮನನ್ನು ಕೂರಿಸಿದೆ. ಡಾಕ್ಟರು ಒಳ್ಳೆಯವರೇ, ಮೆತ್ತಗೆ ಮಾತಾಡಿದರು. "ಈಗ ಯಾವ ಮಾತ್ರೆ ತಗೋತಾ ಇದೀರಮ್ಮ?" ಅಂತ ಕೇಳಿದರು. ಅಮ್ಮ "ಬೆಳ್ಳಗಿನ ಸಣ್ಣ ಮಾತ್ರೆ" ಅಂದಳು. ನಾನು ಒಳಗೆ ಹೋಗಿ ಮಾತ್ರೆ ಹಾಳೆ ಹುಡುಕಿ ತರೋ ಹೊತ್ತಿಗೆ ಕಾಲ್ ಮುಗಿದಿತ್ತು. ಒಟ್ಟು ನಾಲ್ಕು ನಿಮಿಷ.

ಆಮೇಲೆ ಆಪಿನಲ್ಲಿ ಬಂದಿದ್ದು ಚೀಟಿ ಅಲ್ಲ. "ನಿಮ್ಮ ಔಷಧಿ ಸಿದ್ಧವಾಗಿದೆ" ಅನ್ನೋ ಒಂದು ಸಾಲು, ಅದರ ಕೆಳಗೆ ಹಣ ಕಟ್ಟೋ ಹಸಿರು ಬಟನ್. ಡಾಕ್ಟರು ಏನು ಬರೆದರು ಅಂತ ಎಲ್ಲೂ ಇಲ್ಲ. ಹುಡುಕಿದೆ, ಸಿಗಲಿಲ್ಲ. ಚಾಟ್‌ನಲ್ಲಿ ಕೇಳಿದರೆ ಆ ಕಡೆ ಇದ್ದ ಯಂತ್ರ "ಆರ್ಡರ್ ಜೊತೆಗೆ ವಿವರ ಬರುತ್ತದೆ" ಅನ್ನೋದನ್ನೇ ಮೂರು ಸಲ ಹೇಳ್ತು. ಮಾರನೇ ದಿನ ಬೆಂಗಳೂರಿನ ಬಸ್ಸು ಹಿಡಿಯಬೇಕಿತ್ತು. ಹೋಗ್ಲಿ ಬಿಡು ಅಂತ ಬಟನ್ ಒತ್ತಿದೆ.

ನಾಲ್ಕು ದಿನಕ್ಕೆ ಪಾರ್ಸೆಲ್ ಬಂತು. ಒಳಗೆ ಮಾತ್ರೆ, ಬಿಲ್ಲು. ಚೀಟಿ ಇಲ್ಲ. "ಹೊಸ ಮಾತ್ರೆ ಬಂತು ಕಣೋ, ಹಳೇದ್ರ ಜೊತೆ ತಗೊಳ್ಳೋದಾ?" ಅಂತ ಅಮ್ಮ ಫೋನ್ ಮಾಡಿದಳು. ನಾನು ಮೀಟಿಂಗಿನಲ್ಲಿದ್ದೆ. "ಹ್ಞೂಂ ಅಮ್ಮ, ತಗೋ" ಅಂದುಬಿಟ್ಟೆ. ಈ ಒಂದು ಮಾತು ನನ್ನನ್ನು ಇವತ್ತಿಗೂ ಚುಚ್ಚುತ್ತೆ.

ಒಂದು ವಾರದ ಮೇಲೆ ಅಮ್ಮ ಹಟ್ಟಿಯಿಂದ ಬರೋವಾಗ ತಲೆ ತಿರುಗಿ ಅಂಗಳದಲ್ಲಿ ಕೂತುಬಿಟ್ಟಳು. ಪಕ್ಕದ ಮನೆಯವರು ತೀರ್ಥಹಳ್ಳಿಗೆ ಕರ್ಕೊಂಡು ಹೋದರು. ಅಲ್ಲಿಯ ಡಾಕ್ಟರು ಎರಡೂ ಮಾತ್ರೆ ಹಾಳೆ ಪಕ್ಕಪಕ್ಕ ಇಟ್ಟು ನೋಡಿ, "ಇದರಲ್ಲಿರೋದೇ ಅದರಲ್ಲೂ ಇದೆ. ಕಂಪನಿ ಹೆಸ್ರು ಮಾತ್ರ ಬೇರೆ" ಅಂದರಂತೆ. ಹಳೆಯದರಲ್ಲಿ ಇದ್ದದ್ದು ಟೆಲ್ಮಿಸಾರ್ಟನ್. ಹೊಸದರಲ್ಲಿ ಅದೇ ಟೆಲ್ಮಿಸಾರ್ಟನ್, ಜೊತೆಗೆ ಅಮ್ಲೋಡಿಪಿನ್. ಅಮ್ಮ ಮೊದಲನೆಯದನ್ನು ದಿನಾ ಎರಡು ಸಲ ನುಂಗ್ತಾ ಇದ್ದಳು. ಬಿ.ಪಿ. ಇಳಿದುಹೋಗಿತ್ತು.

ದೇವರು ದೊಡ್ಡವನು, ಹೆಚ್ಚಿಗೆ ಏನೂ ಆಗಲಿಲ್ಲ. ಆದರೆ ಆ ಡಾಕ್ಟರು ಫೋನಿನಲ್ಲಿ ನನ್ನನ್ನು ಕೇಳಿದ ಎರಡು ಪ್ರಶ್ನೆಗೆ ಉತ್ತರ ಇರಲಿಲ್ಲ. "ಚೀಟಿ ಎಲ್ಲಿ? ಬರೆದವರು ಯಾರು?" ಆಪಿನಲ್ಲಿ ನೋಡಿದರೆ ಕಾಲ್ ಮುಗಿದ ಗುರುತು, ಕಟ್ಟಿದ ದುಡ್ಡು ಇಷ್ಟೇ ಇತ್ತು. ಡಾಕ್ಟರ ಪೂರ್ತಿ ಹೆಸರು ಕೂಡ ನನಗೆ ನೆನಪಿರಲಿಲ್ಲ.

ಅಮ್ಮನ ಹತ್ತಿರ ಒಂದು ಪ್ಲಾಸ್ಟಿಕ್ ಕವರ್ ಇದೆ, ಯಾವುದೋ ಮದುವೆಗೆ ಸೀರೆ ತಂದ ಅಂಗಡಿಯದ್ದು. ಹತ್ತು ವರ್ಷದ ಡಾಕ್ಟರ ಚೀಟಿಗಳೆಲ್ಲ ಅದರೊಳಗಿವೆ. ಯಾವ ಡಾಕ್ಟರ ಹತ್ತಿರ ಹೋದರೂ ಆ ಕವರ್ ಜೊತೆಗೆ ಹೋಗುತ್ತೆ. ಅಕ್ಷರ ಬ್ರಹ್ಮಲಿಪಿಯೇ ಇರಲಿ, ಮೇಲೆ ಡಾಕ್ಟರ ಹೆಸರು, ರಿಜಿಸ್ಟ್ರೇಷನ್ ನಂಬರ್, ತಾರೀಕು ಇರುತ್ತೆ. ಒಬ್ಬ ಡಾಕ್ಟರು ಇನ್ನೊಬ್ಬ ಡಾಕ್ಟರಿಗೆ ಏನು ಹೇಳಬೇಕೋ ಅದು ಆ ಕಾಗದದ ಮೇಲೆ ಇರುತ್ತೆ. ಮೆಡಿಕಲ್ ಶಾಪಿನವನೂ ಅದನ್ನು ನೋಡಿ "ಇದು ಈಗಾಗ್ಲೇ ತಗೋತಿದೀರಲ್ಲ" ಅಂತ ತಡೆಯಬಹುದು. ನಾನು ಮಾಡಿದ ಆನ್‌ಲೈನ್ ವ್ಯವಹಾರದಲ್ಲಿ ತಪ್ಪಿಹೋಗಿದ್ದು ಆ ಒಂದು ಕಾಗದ. ಅದು ಇದ್ದಿದ್ದರೆ ನಾನೇ ಹೆಸರು ಓದಿ ಹೋಲಿಸಿ ನೋಡುತ್ತಿದ್ದೆನೋ ಏನೋ.

ಬೆಂಗಳೂರಿನಲ್ಲಿ ಒಂದು ಭಾನುವಾರ ಕೂತು, ಇದಕ್ಕೆಲ್ಲ ನಿಯಮ ಇದೆಯಾ ಅಂತ ಹುಡುಕಿದೆ. ಇದೆ! ಟೆಲಿಮೆಡಿಸಿನ್ ಮಾರ್ಗಸೂಚಿ ಅಂತ 2020ರ ಮಾರ್ಚ್ 25ರಂದು ಹೊರಬಂದಿದೆ. ಲಾಕ್‌ಡೌನ್ ಶುರುವಾದ ದಿನವೇ. 2002ರ ವೈದ್ಯಕೀಯ ವೃತ್ತಿ ನಡತೆಯ ನಿಯಮಗಳಿಗೆ ಇದನ್ನು ಅನುಬಂಧವಾಗಿ ಸೇರಿಸಿದ್ದಾರೆ. ಅಂದರೆ ಇದು ಡಾಕ್ಟರುಗಳಿಗೆ ಕೊಟ್ಟ ಬರೀ ಸಲಹೆ ಅಲ್ಲ. ಅದರಲ್ಲಿ ರೋಗಿಗೆ ಸಂಬಂಧಪಟ್ಟ ಕೆಲವು ಮಾತು ಓದಿ ನನಗೆ ಆಶ್ಚರ್ಯವಾಯ್ತು, ಜೊತೆಗೆ ಸಿಟ್ಟೂ ಬಂತು.

ಒಂದು, ಡಾಕ್ಟರು ಸಹಿ ಮಾಡಿದ ಚೀಟಿಯ ಫೋಟೋ, ಸ್ಕ್ಯಾನ್ ಅಥವಾ ಡಿಜಿಟಲ್ ಪ್ರತಿಯನ್ನು ರೋಗಿಗೇ ಕಳಿಸಬೇಕು. ಚೀಟಿಯನ್ನು ನೇರವಾಗಿ ಔಷಧಿ ಅಂಗಡಿಗೆ ಕಳಿಸೋದಾದರೆ ಮೊದಲು ರೋಗಿಯ ಸ್ಪಷ್ಟ ಒಪ್ಪಿಗೆ ಬೇಕು. ಆಗಲೂ ಯಾವ ಅಂಗಡಿ ಅನ್ನೋ ಆಯ್ಕೆ ರೋಗಿಯದ್ದು.

ಎರಡು, ಚೀಟಿಯ ಮೇಲೆ, ರಸೀದಿಯ ಮೇಲೆ ಡಾಕ್ಟರ ರಿಜಿಸ್ಟ್ರೇಷನ್ ನಂಬರ್ ಇರಬೇಕು. ತನ್ನಲ್ಲಿರೋ ಪ್ರತಿ ಡಾಕ್ಟರ ಹೆಸರು, ಓದು, ರಿಜಿಸ್ಟ್ರೇಷನ್ ನಂಬರ್, ಸಂಪರ್ಕದ ವಿವರ ಆಪಿನವರು ಕೊಡಬೇಕು. ದೂರು ಹೇಳಿಕೊಳ್ಳೋಕೆ ಒಂದು ವ್ಯವಸ್ಥೆಯನ್ನೂ ಇಟ್ಟಿರಬೇಕು.

ಮೂರು, ಕೃತಕ ಬುದ್ಧಿಮತ್ತೆಯ ಯಂತ್ರ ಡಾಕ್ಟರಿಗೆ ಸಹಾಯ ಮಾಡಬಹುದು, ಆದರೆ ಅದೇ ರೋಗಿಗೆ ಸಲಹೆ ಕೊಡೋ ಹಾಗಿಲ್ಲ, ಔಷಧಿ ಬರೆಯೋ ಹಾಗಿಲ್ಲ.

ನಾಲ್ಕು, ರೋಗಿ ಯಾವ ಹಂತದಲ್ಲಿ ಬೇಕಾದರೂ ಸಾಕು ಅಂತ ನಿಲ್ಲಿಸಬಹುದು. ನಾನೇ ಬಂದು ತೋರಿಸ್ತೀನಿ ಅಂತ ರೋಗಿ ಹೇಳಿದ ಮೇಲೂ ಇಲ್ಲ, ಆನ್‌ಲೈನೇ ಆಗಬೇಕು ಅಂತ ಡಾಕ್ಟರು ಹಟ ಹಿಡಿದರೆ ಅದು ವೃತ್ತಿ ದುರ್ನಡತೆ. ಸರಿಯಾಗಿ ರೋಗ ಪತ್ತೆ ಮಾಡದೇ ಔಷಧಿ ಬರೆಯೋದೂ ಅಷ್ಟೇ.

ಇದಕ್ಕೂ ಹಿಂದೆ, 2018ರಲ್ಲಿ, ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ರೋಗಿಗಳ ಹಕ್ಕುಗಳ ಸನ್ನದು ಅಂತ 17 ಹಕ್ಕುಗಳ ಪಟ್ಟಿ ಸಿದ್ಧ ಮಾಡಿತ್ತು. ಔಷಧಿಯನ್ನು ಎಲ್ಲಿಂದ ತಗೋಬೇಕು, ಪರೀಕ್ಷೆ ಎಲ್ಲಿ ಮಾಡಿಸಬೇಕು ಅಂತ ಆರಿಸಿಕೊಳ್ಳೋದು ಅದರಲ್ಲಿ ಒಂದು ಹಕ್ಕು. ದಾಖಲೆ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು ಅಂತ 2002ರ ನಿಯಮಗಳೇ ಹೇಳ್ತವೆ. ಅಷ್ಟಾಗಿಯೂ ನಾನು ಒಂದು ಚೀಟಿಗಾಗಿ ಯಂತ್ರದ ಜೊತೆ ಜಗಳ ಆಡಬೇಕಾಯ್ತು.

ಇಲ್ಲಿ ನನ್ನದೂ ಒಂದು ತಪ್ಪೊಪ್ಪಿಗೆ ಇದೆ. ನಮ್ಮ ಜನ ಹೇಗೆ ಕೆಲಸ ಮಾಡ್ತಾರೆ ಅಂತ ನನಗೆ ಗೊತ್ತು, ಯಾಕಂದರೆ ನಾನೂ ಮಾಡಿದ್ದೀನಿ. ನನ್ನ ಮೊದಲನೇ ಕೆಲಸದಲ್ಲಿ (ಆರೋಗ್ಯದ ಆಪ್ ಅಲ್ಲ, ಬೇರೆ ವ್ಯಾಪಾರ) "ನಾನು ಒಪ್ಪಿದ್ದೇನೆ" ಅನ್ನೋ ಚೌಕಕ್ಕೆ ಮೊದಲೇ ಟಿಕ್ ಹಾಕಿಡೋ ಕೋಡ್ ಬರೆದವನು ನಾನೇ. ಹಾಗೆ ಮಾಡಿದರೆ ಬೇಡ ಅನ್ನೋರು ಕಮ್ಮಿ ಆಗ್ತಾರೆ ಅಂತ ಮ್ಯಾನೇಜರ್ ಹೇಳಿದರು. ಒಂದು ಸಾಲಿನ ಕೋಡ್, ಐದು ನಿಮಿಷದ ಕೆಲಸ. ಆವತ್ತು ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಚೀಟಿ ಕಾಣದ ಹಾಗೆ ಬಟನ್ ಮಾತ್ರ ಕಾಣೋ ಹಾಗೆ ಮಾಡಿದವನೂ ನನ್ನಂಥವನೇ ಒಬ್ಬ ಹುಡುಗ ಇರಬೇಕು. ಅವನ ಅಮ್ಮನೂ ಎಲ್ಲೋ ಒಂದು ಊರಿನಲ್ಲಿ ಇರ್ತಾಳೆ.

2023ರಲ್ಲಿ ಪಾಸಾದ ವೈಯಕ್ತಿಕ ದತ್ತಾಂಶದ ಕಾಯ್ದೆ, ಒಪ್ಪಿಗೆ ಅಂದರೆ ತಿಳಿದು, ಸ್ವಂತ ಮನಸ್ಸಿನಿಂದ, ತಾನೇ ಮಾಡಿದ ಕ್ರಿಯೆಯಿಂದ ಕೊಟ್ಟದ್ದು ಅನ್ನುತ್ತೆ. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು, ಹಂತಹಂತವಾಗಿ ಜಾರಿಗೆ ಬರೋ ಹಾಗೆ. ಆ ಲೆಕ್ಕದಲ್ಲಿ ನಾನು ಬರೆದ ಟಿಕ್ಕು ಒಪ್ಪಿಗೆಯೇ ಅಲ್ಲ. ರೋಗಿಯ ವಿಷಯದಲ್ಲಂತೂ ಅದು ಇನ್ನೂ ದೊಡ್ಡ ತಪ್ಪು. ಕಾಯಿಲೆ ಬಂದವನು ಓದಿ, ಯೋಚಿಸಿ, ಬೇಡ ಅನ್ನೋ ಸ್ಥಿತಿಯಲ್ಲಿ ಇರೋದಿಲ್ಲ. ಅವನಿಗೆ ಬೇಕಾಗಿರೋದು ಗುಣ ಆಗೋದು ಅಷ್ಟೇ. ಎಲ್ಲಿ ಒತ್ತು ಅಂದರೆ ಅಲ್ಲಿ ಒತ್ತುತ್ತಾನೆ.

ಹಾಗಂತ ಈ ಆನ್‌ಲೈನ್ ಡಾಕ್ಟರುಗಳೇ ಬೇಡ ಅನ್ನೋವಷ್ಟು ಮೂರ್ಖ ನಾನಲ್ಲ. ನಮ್ಮೂರಿನಿಂದ ಶಿವಮೊಗ್ಗಕ್ಕೆ ಹೋಗಿ ಬರೋದು ಅಂದರೆ ಒಂದು ದಿನದ ಕೂಲಿ, ಎರಡು ಬಸ್ಸು, ಘಾಟಿ, ವಾಂತಿ. ಸರ್ಕಾರದ್ದೇ ಇ-ಸಂಜೀವನಿ ಅಂತ ಉಚಿತ ಸೇವೆ ಇದೆ. 2023ರ ಫೆಬ್ರವರಿ ಹೊತ್ತಿಗೆ ಅದರಲ್ಲಿ 10 ಕೋಟಿ ಸಮಾಲೋಚನೆ ಮುಗಿದಿತ್ತು. ಇಷ್ಟು ಜನಕ್ಕೆ ಉಪಯೋಗ ಆಗಿರೋದನ್ನು ಬೈಯೋಕೆ ಆಗುತ್ತಾ? ಡಾಕ್ಟರುಗಳ ಕಷ್ಟವೂ ಅರ್ಥ ಆಗುತ್ತೆ. ಒಂದರ ಹಿಂದೆ ಒಂದು ಕಾಲ್, ನಾಡಿ ಹಿಡಿಯೋಕೆ ಆಗಲ್ಲ, ಮುಖ ಸರಿಯಾಗಿ ಕಾಣಲ್ಲ. ನನ್ನ ತಕರಾರು ಇರೋದು ಚಿಕಿತ್ಸೆಯನ್ನೂ ಮಾರಾಟವನ್ನೂ ಒಂದೇ ಬಟನ್ನಿನಲ್ಲಿ ಕಟ್ಟಿಹಾಕೋದರ ಬಗ್ಗೆ. ಔಷಧಿ ಬರೆಸೋರಿಗೇ ಔಷಧಿ ಮಾರೋ ಲಾಭ ಇದ್ದರೆ, ಚೀಟಿ ಬಚ್ಚಿಡೋ ಆಸೆ ಬಂದೇ ಬರುತ್ತೆ. ಅದಕ್ಕೇ ನಿಯಮ ಇರೋದು. ನಿಯಮ ಇದ್ದರೂ ಕೇಳೋರು ಇಲ್ಲದಿದ್ದರೆ ಅದು ಪಿಡಿಎಫ್ ಆಗಿಯೇ ಉಳಿಯುತ್ತೆ.

ಹಾಗಾಗಿ ನಾನು ಈಗ ಏನು ಮಾಡ್ತೀನಿ ಅಂತ ಹೇಳಿಬಿಡ್ತೀನಿ, ನಿಮ್ಮ ಅಪ್ಪ ಅಮ್ಮನಿಗೂ ಉಪಯೋಗ ಆಗಬಹುದು. ಕಾಲ್ ಮಾಡೋ ಮೊದಲು ತಗೋತಾ ಇರೋ ಎಲ್ಲ ಮಾತ್ರೆಯ ಹಾಳೆ ಎದುರಿಗೆ ಇಟ್ಟುಕೊಳ್ಳೋದು. ಕಂಪನಿ ಹೆಸರಲ್ಲ, ಅದರ ಕೆಳಗೆ ಸಣ್ಣಕ್ಷರದಲ್ಲಿರೋ ಔಷಧಿಯ ಹೆಸರು ಓದಿ ಹೇಳೋದು. ಶುರುವಿನಲ್ಲೇ ಡಾಕ್ಟರ ಹೆಸರು, ರಿಜಿಸ್ಟ್ರೇಷನ್ ನಂಬರ್ ಕೇಳೋದು (ರಾಷ್ಟ್ರೀಯ ವೈದ್ಯಕೀಯ ಆಯೋಗದ ವೆಬ್‌ಸೈಟಿನಲ್ಲಿ ಡಾಕ್ಟರುಗಳ ಪಟ್ಟಿ ಇದೆ, ಯಾರು ಬೇಕಾದರೂ ಹುಡುಕಬಹುದು). ಚೀಟಿ ಕೈಗೆ ಬರೋ ತನಕ ಔಷಧಿಗೆ ದುಡ್ಡು ಕಟ್ಟದೇ ಇರೋದು. ಬಂದ ಮೇಲೆ ಊರಿನ ಮೆಡಿಕಲ್ ಶಾಪಿನವನಿಗೆ ಒಂದು ಸಲ ತೋರಿಸೋದು. ಕೊಡಲ್ಲ ಅಂದರೆ ಮೊದಲು ಆಪಿನವರಿಗೆ ಬರಹದಲ್ಲೇ ದೂರು. ಡಾಕ್ಟರ ತಪ್ಪಿದ್ದರೆ ಕರ್ನಾಟಕ ವೈದ್ಯಕೀಯ ಪರಿಷತ್ತು ಇದೆ. ಸೇವೆಯದ್ದಾದರೆ ಗ್ರಾಹಕ ಸಹಾಯವಾಣಿ 1915 ಇದೆ, ಜಿಲ್ಲಾ ಗ್ರಾಹಕ ಆಯೋಗ ಇದೆ. ದುಡ್ಡು ಕೊಟ್ಟು ಪಡೆಯೋ ಚಿಕಿತ್ಸೆ ಗ್ರಾಹಕ ಕಾನೂನಿನ ಒಳಗೆ ಬರುತ್ತೆ ಅಂತ ಸುಪ್ರೀಂ ಕೋರ್ಟು 1995ರಲ್ಲೇ ಹೇಳಿದೆ.

ನಾನೂ ಬರೆದೆ. ಎರಡು ಇಮೇಲ್ ಆದ ಮೇಲೆ, ಮೂರನೆಯದರಲ್ಲಿ ಮಾರ್ಗಸೂಚಿಯ ಆ ಭಾಗವನ್ನು ಹಾಕಿ ಕಳಿಸಿದೆ. ಮಾರನೇ ದಿನ ಚೀಟಿ ಬಂತು! ಡಾಕ್ಟರ ಹೆಸರು, ನಂಬರ್, ಸಹಿ ಎಲ್ಲ ಇತ್ತು. ಇನ್ನೊಂದು ಸಾಲೂ ಇತ್ತು: "ಈಗಿನ ಬಿ.ಪಿ. ಮಾತ್ರೆ ನಿಲ್ಲಿಸಿ, ಇದನ್ನು ಶುರು ಮಾಡಿ."

ಅಂದರೆ ಡಾಕ್ಟರು ಸರಿಯಾಗಿಯೇ ಬರೆದಿದ್ದರು. ಆ ಸಾಲು ಅಮ್ಮನಿಗೆ ತಲುಪಲೇ ಇಲ್ಲ ಅಷ್ಟೇ. ತುಂಬ ಹೊತ್ತು ಅದನ್ನೇ ನೋಡ್ತಾ ಕೂತಿದ್ದೆ.

ಅದನ್ನು ಪ್ರಿಂಟ್ ತೆಗೆದು ಅಮ್ಮನಿಗೆ ಕೊಟ್ಟೆ, ಸೀರೆ ಅಂಗಡಿಯ ಕವರಿಗೆ ಸೇರಿತು. ಮೊನ್ನೆ ಅಮ್ಮ ಕೆಮ್ಮಿಗೆ ಅಂತ ಪಕ್ಕದ ಮನೆ ಹುಡುಗಿಯ ಮೊಬೈಲಿನಲ್ಲಿ ಇ-ಸಂಜೀವನಿ ಡಾಕ್ಟರ ಜೊತೆ ಮಾತಾಡಿದಳಂತೆ. ರಾತ್ರಿ ಫೋನ್ ಮಾಡಿ, "ಮೊದ್ಲು ನಿಮ್ ನಂಬರ್ ಹೇಳಿ ಅಂದೆ ಕಣೋ. ಆ ಡಾಕ್ಟ್ರು ನಗಾಡಿದ್ರು. ಆದ್ರೆ ಹೇಳಿದ್ರು" ಅಂದಳು :)

ನಿಮ್ಮ ಮನೆಯಲ್ಲೂ ಯಾರಾದರೂ ಹೀಗೆ ಆನ್‌ಲೈನಿನಲ್ಲಿ ತೋರಿಸಿಕೊಂಡಿದ್ದರೆ, ಚೀಟಿ ಕೈಗೆ ಬಂತಾ? ಬರೆದು ತಿಳಿಸಿ.