ಶೆಡ್ಡಿನ ಬಾಗಿಲಿಗೆ ಹೋಗುವವರು ಯಾರು?

ಕನ್ನಡದ ಗೆಳೆಯರೇ,

ನವೆಂಬರ್ ಬಂತೆಂದರೆ ನನ್ನ ಪ್ರೆಸ್ಸಿಗೆ ಪುರುಸೊತ್ತಿಲ್ಲ. ಕರಪತ್ರ, ಪೋಸ್ಟರು, ರಸೀದಿ ಪುಸ್ತಕ! ನಿಮ್ಮಲ್ಲಿ ಎಷ್ಟೋ ಮಂದಿ ರಾತ್ರಿ ಹನ್ನೊಂದರವರೆಗೆ ನನ್ನ ಜೊತೆ ಕೂತು ಪ್ರೂಫ್ ತಿದ್ದಿದ್ದೀರಿ. ಆ ಅಭಿಮಾನಕ್ಕೆ ಕೈ ಮುಗಿಯುತ್ತೇನೆ. ಆದರೆ ಇವತ್ತು ಒಂದು ಪ್ರಶ್ನೆ, ಸಿಟ್ಟಾಗಬೇಡಿ. ಬೆಂಗಳೂರಿನ ನಿಮ್ಮ ಬಡಾವಣೆಯ ಕೊನೆಯಲ್ಲಿ ಅಪಾರ್ಟ್‌ಮೆಂಟ್ ಏಳುತ್ತಿದೆಯಲ್ಲ, ಅದರ ಪಕ್ಕದ ನೀಲಿ ಟಾರ್ಪಾಲಿನ ಶೆಡ್ಡುಗಳಲ್ಲಿ ಯಾರಿದ್ದಾರೆಂದು ಬಲ್ಲಿರಾ?

"ಎಲ್ಲಿಂದಲೋ ಬಂದವರು" ಎನ್ನುತ್ತೀರಿ. ಅಲ್ಲ ಸ್ವಾಮಿ! ಅವರಲ್ಲಿ ಬಹಳ ಮಂದಿ ಯಾದಗಿರಿ, ರಾಯಚೂರು, ಕಲಬುರಗಿ ಕಡೆಯವರು. ಮಳೆ ಕೈಕೊಟ್ಟಾಗ ಮಕ್ಕಳನ್ನು ಕಟ್ಟಿಕೊಂಡು ಬಸ್ಸು ಹತ್ತಿದ ಕನ್ನಡಿಗರು.

ಕಳೆದ ಮಳೆಗಾಲದ ಒಂದು ಸಂಜೆ ನಮ್ಮ ವಾರ್ಡಿನ ಅಂಗನವಾಡಿ ಟೀಚರ್ ಜೆರಾಕ್ಸಿಗೆಂದು ಬಂದರು. ಹಿಂದೆ ಅಂಥದೇ ಶೆಡ್ಡಿನ ಒಬ್ಬ ತಾಯಿ, ಕೈ ಹಿಡಿದ ಆರು ವರ್ಷದ ಮಗಳು. ಜನನ ಪತ್ರ ಇಲ್ಲವೆಂದು ಶಾಲೆಯೊಂದು ಮಗುವನ್ನು ವಾಪಸ್ ಕಳಿಸಿತ್ತು. ತಾಯಿ ಒಂದು ಇಂಗ್ಲಿಷ್ ಫಾರಂ ಚಾಚಿ, "ಅಣ್ಣಾರ, ಇದ್ರಾಗ ಏನ್ ಬರದಾರ್ರಿ?" ಎಂದಳು. ನಾನು ಪಿಯುಸಿವರೆಗೆ ಓದಿದವನು. ಎರಡು ಸಲ ಓದಿದರೂ ನನಗೆ ತಿಳಿದದ್ದು ಅರ್ಧವೇ.

ಟೀಚರಿಗೆ ಕಾನೂನು ಗೊತ್ತಿತ್ತು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ವಯಸ್ಸಿನ ದಾಖಲೆ ಇಲ್ಲವೆಂಬ ಕಾರಣಕ್ಕೆ ಯಾವ ಮಗುವನ್ನೂ ಶಾಲೆಯಿಂದ ಹೊರಗಿಡುವಂತಿಲ್ಲ. ಅದನ್ನೇ ಕನ್ನಡದಲ್ಲಿ ಒಂದು ಪುಟದ ಮನವಿಯಾಗಿ ಕಂಪೋಸ್ ಮಾಡಿಕೊಟ್ಟೆ. ಮೂರು ದಿನ ಅಲೆದ ಮೇಲೆ ಮಗು ಶಾಲೆ ಸೇರಿತು. ಆಟೋ ಖರ್ಚು ಟೀಚರ್ ಕೈಯಿಂದಲೇ.

"ನೀವೊಬ್ಬರೇ ಹೋಗಿ ಮಾತಾಡಿದ್ದರೆ ಬೇಗ ಆಗುತ್ತಿತ್ತಲ್ಲಮ್ಮ?" ಎಂದೆ. "ನಾಳೆ ನಾನಿರಲ್ಲ ಸಾರ್. ಅವಳೇ ಮಾತಾಡ್ಬೇಕು. ನಾನು ಪಕ್ಕದಲ್ಲಿ ನಿಂತ್ಕೋಬೇಕು, ಅಷ್ಟೇ" ಎಂದರು.

ಇದೇ ಅವರ ಕೆಲಸ. ಅಂಗನವಾಡಿ ಯೋಜನೆ ಶುರುವಾದದ್ದು 1975ರ ಅಕ್ಟೋಬರ್ 2ರಂದು. ಆಶಾ ಕಾರ್ಯಕರ್ತೆಯರು ಬಂದದ್ದು 2005ರ ಗ್ರಾಮೀಣ ಆರೋಗ್ಯ ಅಭಿಯಾನದಲ್ಲಿ. ಮಗುವಿನ ತೂಕ, ಬಸುರಿಯ ತಾಯಿ ಕಾರ್ಡು, ಲಸಿಕೆ, ಕ್ಷಯದ ಮಾತ್ರೆ ಎಲ್ಲಕ್ಕೂ ಬಾಗಿಲು ತಟ್ಟುವವರು ಇವರೇ. ಬೇರೆ ರಾಜ್ಯದಿಂದ ಬಂದ ಕೂಲಿಕಾರನ ಮಗುವೂ ಇದೇ ಅಂಗನವಾಡಿಯಲ್ಲಿ ಉಣ್ಣುತ್ತದೆ, ಇಲ್ಲೇ ಮೊದಲ ಕನ್ನಡ ಮಾತು ಕಲಿಯುತ್ತದೆ. ಕನ್ನಡ ಕಲಿಸುವ ಇದಕ್ಕಿಂತ ದೊಡ್ಡ ಚಳವಳಿ ಯಾವುದಿದೆ ಹೇಳಿ?

ಇಷ್ಟಾಗಿ ಇವರಿಗೆ ಸಿಗುವುದು ಸಂಬಳವಲ್ಲ, ಗೌರವಧನ! 2022ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲಷ್ಟೇ ಅಂಗನವಾಡಿಯವರಿಗೂ ಗ್ರಾಚ್ಯುಟಿ ಹಕ್ಕೆಂದು ಖಚಿತವಾಯಿತು. ಮರುತಿಂಗಳೇ ವಿಶ್ವ ಆರೋಗ್ಯ ಸಂಸ್ಥೆ ಆಶಾಗಳಿಗೆ ಪ್ರಶಸ್ತಿ ಕೊಟ್ಟಿತು. ಆ ಪ್ರಶಸ್ತಿ ಪಡೆದವರೇ 2025ರ ಜನವರಿಯ ಚಳಿಯಲ್ಲಿ ಫ್ರೀಡಂ ಪಾರ್ಕಿನಲ್ಲಿ ಹಗಲು ರಾತ್ರಿ ಕೂರಬೇಕಾಯಿತು. ಅಂದು ನಮ್ಮ ಹಳದಿ-ಕೆಂಪು ಶಾಲುಗಳು ಎಷ್ಟು ಅಲ್ಲಿದ್ದವು? ನಾನೂ ಹೋಗಿರಲಿಲ್ಲ. ತಪ್ಪು ನನ್ನದೂ ಹೌದು.

ಬೋರ್ಡಿನಲ್ಲಿ ಕನ್ನಡ ಬೇಕು, ಸರಿ. ಆದರೆ ಆ ತಾಯಿಯ ಕೈಯಲ್ಲಿದ್ದ ಫಾರಂನಲ್ಲಿ ಕನ್ನಡ ಇಲ್ಲದಿದ್ದರೆ ಒಂದು ಮಗುವಿನ ಒಂದು ವರ್ಷವೇ ಹೋಗುತ್ತದೆ. ನಾವು ಜಗಳ ಆಡಬೇಕಾದ ಜಾಗ ಅದು.

ಹಾಗಾದರೆ ನೀವು ಏನು ಮಾಡಬೇಕು? ವಾರಕ್ಕೆ ಅರ್ಧ ದಿನ ಕೊಡಿ. ಮೊದಲು ನಿಮ್ಮ ವಾರ್ಡಿನ ಟೀಚರನ್ನೋ ಆಶಾ ಅಕ್ಕನನ್ನೋ ಕಂಡು, ಅವರು ಹೇಳಿದಂತೆ ನಡೆಯಿರಿ. ಕಚೇರಿಗೆ ಆ ಕುಟುಂಬದ ಜೊತೆ ಹೋಗಿ, ಕನ್ನಡದ ಫಾರಂ ಕೇಳಿ, ಕೊಡುವವರೆಗೆ ಕದಲಬೇಡಿ. ಹೆರಿಗೆಯಾದ 21 ದಿನದೊಳಗೆ ಜನನ ನೋಂದಣಿ ಆಗಲೆಂದು ನೆನಪಿಸಿ. ಮಗು ಅಪಾಯದಲ್ಲಿದೆ ಎಂದು ಕಂಡರೆ 1098ಕ್ಕೆ ಫೋನ್ ಮಾಡಿ. ಕೈಲಾಗದ್ದಕ್ಕೆ ಮಾತು ಕೊಡಬೇಡಿ. ಅವರ ಮನೆಯ ಗುಟ್ಟು ಟೀ ಅಂಗಡಿಗೆ ತರಬೇಡಿ. ಬ್ರೆಡ್ಡು ಹಂಚಿ ಫೋಟೋ ಹಿಡಿಯುವವರು ಈ ಕೆಲಸಕ್ಕೆ ಬೇಡವೇ ಬೇಡ!

ನನ್ನ ಪಾಲು ಇಷ್ಟು: ಶೆಡ್ಡಿನ ಮಕ್ಕಳ ಕಾಗದಪತ್ರಕ್ಕೆ ನಮ್ಮ ಪ್ರೆಸ್ಸಿನಲ್ಲಿ ಕಾಸಿಲ್ಲ. ಆ ಕಾಗದ ಹಿಡಿದು ಅವರ ಜೊತೆ ಬರುವವರು ನೀವಾಗಿ.