ಹಿಮದ ದಿನದ ಹುಗ್ಗಿ

ದಾಸೋಹವೆಂದೊಡನೆ ಮಠದ ದೊಡ್ಡ ಕೊಪ್ಪರಿಗೆಯೂ ಸಾಲು ಪಂಕ್ತಿಯೂ ಕಣ್ಣ ಮುಂದೆ ನಿಲ್ಲುವುದು ಸಹಜ. ಮಠದ ಅನ್ನದಿಂದಲೇ ಬೆಳೆದ ನಮಗೂ ಹಾಗೆಯೇ. ಆದರೆ ಒಂದು ತಟ್ಟೆ ಹುಗ್ಗಿಯೂ ದಾಸೋಹವಾಗಬಲ್ಲದೆಂಬುದನ್ನು ನಾವು ಕಂಡದ್ದು ಹಿಮ ಮುಚ್ಚಿದ ಒಂದು ದೂರದ ಊರಿನಲ್ಲಿ.

2011ರ ಫೆಬ್ರವರಿಯ ಆರಂಭ. ಅಮೆರಿಕೆಯಲ್ಲಿ ನೆಲೆಸಿರುವ ಸಮಾಜಬಾಂಧವರ ಕರೆಗೆ ಓಗೊಟ್ಟು ಪ್ರವಚನಕ್ಕೆಂದು ಹೋಗಿದ್ದ ನಾವು, ಷಿಕಾಗೊ ನಗರದ ಹೊರವಲಯದಲ್ಲಿ ದಾವಣಗೆರೆ ಕಡೆಯ ಒಂದು ಕುಟುಂಬದವರ ಮನೆಯಲ್ಲಿ ತಂಗಿದ್ದೆವು. 1ನೆಯ ತಾರೀಖು ಮಧ್ಯಾಹ್ನ ಎದ್ದ ಹಿಮಗಾಳಿ ಮರುದಿನ ಬೆಳಗಿನವರೆಗೂ ಬೀಸಿತು. ನಗರದಲ್ಲಿ ಸುಮಾರು 21 ಅಂಗುಲ ಹಿಮ ಬಿದ್ದಿತು. ಮಿಷಿಗನ್ ಸರೋವರದ ದಂಡೆಯ ಹೆದ್ದಾರಿಯಲ್ಲಿ ನೂರಾರು ವಾಹನಗಳು ಹೂತುಹೋಗಿ, ಜನರು ರಾತ್ರಿ ಗಂಟೆಗಟ್ಟಲೆ ಅವುಗಳೊಳಗೇ ಕುಳಿತಿರಬೇಕಾಯಿತು.

ಆ ಮನೆಯ ಸೊಸೆ ಆಸ್ಪತ್ರೆಯೊಂದರಲ್ಲಿ ದಾದಿ. ಹಿಂದಿನ ಬೆಳಿಗ್ಗೆ ಕೆಲಸಕ್ಕೆ ಹೋದವರು ಮರಳಿರಲಿಲ್ಲ. ಬದಲಿಯವರು ಬಂದು ತಲುಪಲಾಗದ್ದರಿಂದ ರೋಗಿಗಳನ್ನು ಬಿಟ್ಟು ಬರುವಂತಿಲ್ಲವೆಂದು ದೂರವಾಣಿಯಲ್ಲಿ ತಿಳಿಸಿದ್ದರು. ಮಗ ಬಾಗಿಲ ಮುಂದಿನ ಹಿಮವನ್ನು ಸಲಿಕೆಯಿಂದ ಎತ್ತಿಹಾಕುತ್ತಿದ್ದರು. ಒಳಗೆ ಉಳಿದವರು ಆರು ವರ್ಷದ ಮೊಮ್ಮಗ, ಊರಿನಿಂದ ಬಂದು ಮೂರು ತಿಂಗಳಾಗಿದ್ದ ಅಜ್ಜಿ ಮತ್ತು ನಾವು.

ಆ ತಾಯಿಗೆ ಸೊಸೆಯ ಮೇಲೆ ಒಂದು ಮುನಿಸಿತ್ತು. ಅದನ್ನು ನಮ್ಮೆದುರು ಆಡಿಯೂ ಇದ್ದರು: "ಶಾಸ್ತ್ರಿಗಳೇ, ಈ ಮನೇಲಿ ಒಲೆ ಹಚ್ಚೋದೇ ಅಪರೂಪ. ಭಾನುವಾರ ಮಾಡಿದ್ದನ್ನೇ ಗುರುವಾರದ ತನಕ ಬಿಸಿ ಮಾಡ್ತಾರೆ." ಅಂದು ಅದರ ಮೇಲೆ ಇನ್ನೊಂದು ಸಂಕಟ ಸೇರಿತು. ಅತಿಥಿಗಳಿಗೆ ಹೋಳಿಗೆಯ ಊಟ ಬಡಿಸಬೇಕೆಂದಿದ್ದರು. ತರಕಾರಿಯಿಲ್ಲ, ಮೊಸರಿಲ್ಲ, ಅಂಗಡಿಗೆ ದಾರಿಯಿಲ್ಲ. ಡಬ್ಬಿಗಳಲ್ಲಿ ಉಳಿದಿದ್ದುದು ಅಕ್ಕಿ, ಹೆಸರುಬೇಳೆ, ಜೀರಿಗೆ, ಮೆಣಸು, ತುಪ್ಪ, ಒಂದು ತುಂಡು ಶುಂಠಿ.

ನಾವು ಆಯ್ದಕ್ಕಿ ಲಕ್ಕಮ್ಮನವರ ಪ್ರಸಂಗವನ್ನು ನೆನಪಿಸಿದೆವು. ಮಾರಯ್ಯನವರು ಒಂದು ದಿನ ವಾಡಿಕೆಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬನ್ನಿರೆಂದು ಹಿಂದಕ್ಕೆ ಕಳುಹಿಸಿದ ಮಹಾತಾಯಿ ಆಕೆ. ಅಂದಿನ ಕಾಯಕಕ್ಕೆ ದೊರೆತಷ್ಟರಲ್ಲಿಯೇ ಅವರ ದಾಸೋಹ ನಡೆಯುತ್ತಿತ್ತು. ಇದನ್ನು ಕೇಳಿ ಅಜ್ಜಿ ಸೆರಗು ಸಿಕ್ಕಿಸಿ ಖಾರದ ಹುಗ್ಗಿಗೆ ಎದ್ದರು.

ಒಂದು ಲೋಟ ಅಕ್ಕಿ, ಮುಕ್ಕಾಲು ಲೋಟ ಹೆಸರುಬೇಳೆ. ಬೇಳೆಯನ್ನು ಕಂಪು ಬರುವಷ್ಟು ಹುರಿದು, ಎರಡನ್ನೂ ತೊಳೆದು, ಚಿಟಿಕೆ ಅರಿಶಿನ, ಜಜ್ಜಿದ ಶುಂಠಿ, ಆರು ಲೋಟ ನೀರು ಸೇರಿಸಿ ಕುಕ್ಕರಿನಲ್ಲಿ ಮೆತ್ತಗೆ ಬೇಯಿಸಿದರು. ಬಳಿಕ ಉಪ್ಪು ಹಾಕಿ, ತುಪ್ಪದಲ್ಲಿ ಜೀರಿಗೆಯನ್ನೂ ಕುಟ್ಟಿದ ಮೆಣಸನ್ನೂ ಸಿಡಿಸಿ ಮೇಲೆ ಸುರಿದರು. ಅಕ್ಕಿಯಲ್ಲಿ ಕೊರತೆಯಾಗಿರುವ ಲೈಸಿನ್ ಎಂಬ ಸತ್ವಾಂಶವನ್ನು ಬೇಳೆ ತುಂಬಿಕೊಡುತ್ತದೆ. ಬೇಳೆಯ ಕೊರತೆಯನ್ನು ಅಕ್ಕಿ ನೀಗಿಸುತ್ತದೆ. ಮೆಣಸಿನಕಾಯಿ ನಮ್ಮ ನಾಡಿಗೆ ಬಂದದ್ದು ಪೋರ್ಚುಗೀಸರು ಬಂದ ನಂತರ, ಅದೂ ಅಮೆರಿಕೆಯ ನೆಲದಿಂದ. ಶರಣರ ಕಾಲದಲ್ಲಿ ಅಡುಗೆಗೆ ಖಾರ ಕೊಡುತ್ತಿದ್ದುದು ಘಟ್ಟದ ಮೆಣಸೇ. ಅದೇ ಮೆಣಸು ಅಂದು ಅಮೆರಿಕೆಯ ಚಳಿಯಲ್ಲಿ ನಮ್ಮ ಮೈ ಬೆಚ್ಚಗಾಗಿಸಲು ಸಿದ್ಧವಾಗಿತ್ತು.

ಇಷ್ಟಲಿಂಗಕ್ಕೆ ಅರ್ಪಿತವಾಯಿತು. ನಮ್ಮ ಮುಂದೆ ತಟ್ಟೆ ಬಂದಿತು, ಇನ್ನೂ ಕೈಯಿಟ್ಟಿರಲಿಲ್ಲ. ಅಷ್ಟರಲ್ಲಿ ಬಾಗಿಲು ತೆರೆಯಿತು. ದೊಡ್ಡ ರಸ್ತೆಯಲ್ಲಿ ವಾಹನದಿಂದಿಳಿದು ಹಿಮದಲ್ಲಿಯೇ ನಡೆದು ಬಂದ ಸೊಸೆ ಗೋಡೆ ಹಿಡಿದು ನಿಂತಿದ್ದರು. ಮೊಣಕಾಲವರೆಗೆ ಬಟ್ಟೆ ನೆನೆದಿತ್ತು. ಒಂದು ಹಗಲು, ಒಂದು ರಾತ್ರಿ, ಮತ್ತೆ ಅರ್ಧ ಹಗಲು ಅವರು ರೋಗಿಗಳ ಬಳಿಯಿದ್ದವರು.

ಅಜ್ಜಿ ಒಂದು ಕ್ಷಣ ಸೊಸೆಯನ್ನು ನೋಡಿದರು, ಮರುಕ್ಷಣ ನಮ್ಮನ್ನು ನೋಡಿದರು. "ಶಾಸ್ತ್ರಿಗಳೇ, ತಪ್ಪು ತಿಳೀಬ್ಯಾಡ್ರಿ" ಎಂದವರೇ ನಮ್ಮ ಮುಂದಿನ ತಟ್ಟೆಯನ್ನೆತ್ತಿ ಆಕೆಯ ಕೈಗಿತ್ತರು. "ಬಾರವ್ವ, ಬಿಸಿ ಐತೆ, ಮೊದ್ಲು ಉಣ್ಣು."

ಸೊಸೆಯ ಕಣ್ಣು ತುಂಬಿತು. "ಅತ್ತೆ, ನೀವು ಉಂಡ್ರಾ?" ಎಂದಷ್ಟೇ ಕೇಳಿದರು.

ಅತಿಥಿಯ ಮುಂದಿಟ್ಟ ತಟ್ಟೆಯನ್ನು ಎತ್ತಬಾರದೆಂಬುದು ಲೋಕಾಚಾರ. ಆ ತಾಯಿ ಅದನ್ನು ಮುರಿದರು; ನಾವು ನುಡಿಯಬೇಕಾಗಿದ್ದ ಮಾತನ್ನು ನಮಗಿಂತ ಮೊದಲೇ ನಡೆಯಲ್ಲಿ ತೋರಿದರು. ನಲವತ್ತು ವರ್ಷ ಕಾಯಕ-ದಾಸೋಹಗಳನ್ನು ಕುರಿತು ಓದಿದ, ಬರೆದ, ಮಾತನಾಡಿದ ನಮಗೆ, ತಟ್ಟೆಯನ್ನು ತಾವೇ ಸರಿಸಬೇಕೆಂಬುದು ಹೊಳೆದಿರಲಿಲ್ಲ. ಎರಡನೆಯ ತಟ್ಟೆಯಲ್ಲಿ ಬಂದ ಹುಗ್ಗಿಯನ್ನು ನಾವು ಒಂದಗುಳೂ ಉಳಿಸದೆ ಪ್ರಸಾದವೆಂದು ಸ್ವೀಕರಿಸಿದೆವು. ಮುನಿಸಿನ ಮಾತು ಆ ಬಳಿಕ ನಮ್ಮ ಕಿವಿಗೆ ಬೀಳಲಿಲ್ಲ.

ನಮ್ಮಲ್ಲಿ ಹಿಮವಿಲ್ಲ, ಆಷಾಢದ ಜಡಿಮಳೆಯಿದೆ, ಮಾಗಿಯ ಚಳಿಯಿದೆ. ಕೆಲಸ ಮುಗಿಸಿ ನೆನೆದು, ನಡುಗಿ ಬರುವ ಸೊಸೆಯರು, ಮಗಳಂದಿರು, ಗಂಡುಮಕ್ಕಳು ಪ್ರತಿ ಮನೆಯಲ್ಲಿಯೂ ಇದ್ದಾರೆ. ಅಕ್ಕಿ, ಬೇಳೆ, ಮೆಣಸು ಯಾರ ಮನೆಯಲ್ಲಿಲ್ಲ? ಬಾಗಿಲ ಸದ್ದಾದಾಗ ಮೊದಲು ಎದ್ದು ಬಿಸಿಯಾಗಿ ಬಡಿಸುವವರು ನಾವಾಗೋಣ.