ಅಪ್ಪನ ಶೆವ್ರೊಲೆಗೆ ಐದನೇ ಗೇರ್

ಚೌತಿಗೆ ನಿಪ್ಪಾಣಿಗೆ ಹೋಗಿದ್ದೆ. ಪುಣೆಗೆ ಬಂದು ನೆಲೆಸಿ ಮೂವತ್ತೆರಡು ವರ್ಷ ಆಯ್ತು, ಆದರೂ ಚೌತಿಗೆ ಊರು ತಪ್ಪಿಸಿದವನಲ್ಲ. ಪ್ರತಿ ವರ್ಷ ಬಾಗಿಲಲ್ಲೇ ಕರಿಗಡಬಿನ ವಾಸನೆ ಎದುರಾಗುತ್ತಿತ್ತು, ಈ ಸಲ ಎದುರಾದದ್ದು ಜಗಳ. ಅಣ್ಣ ಒಂದು ಕಡೆ, ಅವನ ಮಗ ಇನ್ನೊಂದು ಕಡೆ. ಚೀಲ ಕೆಳಗಿಡೋಕೂ ಬಿಡದೆ ಹುಡುಗ ನನ್ನನ್ನ ಎಳೆದುಕೊಂಡು ಶೆಡ್ಡಿಗೆ ಹೋದ.

"ಕಾಕಾ, ನೀವರ ಹೇಳ್ರಿ ಅಪ್ಪಗ. ಗೇರ್‌ಬಾಕ್ಸ್ ಬದಲ್ ಮಾಡಿದ್ರ ಏನು ಆಕಾಶ ಹರಕೊಂಡು ಬೀಳ್ತದ?"

ಹಿಂದಿನಿಂದ ಅಣ್ಣ, "ಅಪ್ಪಾರು ಇದ್ದಾಗ ಹೆಂಗ ಇತ್ತೋ ಹಂಗ ಇರ್ಲಿ. ನೀ ಸುಮ್ನ ಅಂವಗ ಹೂಂ ಅನಬ್ಯಾಡ" ಅಂದ.

ವಿಷಯ ನಮ್ಮ ಅಪ್ಪನ ಪಿಕಪ್ಪಿನದು. 1951ರ ಶೆವ್ರೊಲೆ 3100, ಅರ್ಧ ಟನ್ನಿನ ಗಾಡಿ. ಮುಂಬೈನ ಶಿವಡಿಯಲ್ಲಿ ಜನರಲ್ ಮೋಟರ್ಸ್‌ನವರು 1928ರಿಂದ 1954ರವರೆಗೆ ಗಾಡಿ ಜೋಡಿಸುತ್ತಿದ್ದರಲ್ಲ, ಅಲ್ಲಿಂದ ಹೊರಬಿದ್ದದ್ದು. ಅಪ್ಪ ಅದನ್ನ ಎರಡನೇ ಕೈಯಲ್ಲಿ ಕೊಂಡು ವರ್ಷಗಟ್ಟಲೆ ತಂಬಾಕಿನ ಬೋದು, ಬೆಲ್ಲ, ಮದುವೆ ಮನೆಯ ಪಾತ್ರೆ, ಹೆರಿಗೆಗೆ ಹೊರಟ ಹೆಂಗಸರು, ಎಲ್ಲವನ್ನೂ ಹೊತ್ತರು. ಆಮೇಲೆ ಅದು ಶೆಡ್ಡು ಸೇರಿತು. ಹುಡುಗ ಮೂರು ವರ್ಷದಿಂದ ಒಂದೊಂದೇ ಸಾಮಾನು ಹುಡುಕಿ ಮತ್ತೆ ಓಡುವ ಹಾಗೆ ಮಾಡಿದ್ದಾನೆ. ಈಗ ಅವನಿಗೆ ಹಳೇ ಮೂರು ಗೇರಿನ ಪೆಟ್ಟಿಗೆ ತೆಗೆದು ಈ ಕಾಲದ ಐದು ಗೇರಿನದು ಕೂಡಿಸಬೇಕಾಗಿದೆ.

ಸುಳ್ಳು ಯಾಕೆ ಹೇಳಲಿ, ಮೊದಲು ನಾನೂ ಅಣ್ಣನ ಕಡೆಗೇ ಇದ್ದೆ. ಆ ಗಾಡಿಯ ಗೇರಿನ ಹಿಡಿಕೆ ಸ್ಟೀರಿಂಗಿನ ಕಂಬಕ್ಕೇ ಇದೆ. ಮೊದಲನೇ ಗೇರಿಗೆ ಸಿಂಕ್ರೋಮೆಶ್ ಇಲ್ಲ. ಗಾಡಿ ಪೂರ್ತಿ ನಿಲ್ಲದೆ ಅದನ್ನ ಹಾಕಬೇಕು ಅಂದ್ರೆ ಡಬಲ್ ಕ್ಲಚ್ ಮಾಡಬೇಕು. ಕ್ಲಚ್ ಒತ್ತಿ ನ್ಯೂಟ್ರಲ್ಲಿಗೆ ತಂದು, ಕ್ಲಚ್ ಬಿಟ್ಟು, ಆಕ್ಸಲರೇಟರ್ ಸ್ವಲ್ಪ ತುಳಿದು ಒಳಗಿನ ಚಕ್ರಗಳ ವೇಗ ಹೊಂದಿಸಿ, ಮತ್ತೆ ಕ್ಲಚ್ ಒತ್ತಿ ಗೇರು ಹಾಕೋದು. ತಪ್ಪಿದರೆ ಕರಕರ ಅಂತ ಹಲ್ಲು ಮಸೆಯುವ ಸದ್ದು. ಅಪ್ಪನ ಕೈಯಲ್ಲಿ ಆ ಸದ್ದು ನಾನು ಒಂದು ಸಲವೂ ಕೇಳಿಲ್ಲ. ಪಕ್ಕದಲ್ಲಿ ಕೂತು ಅವರ ಎಡಗಾಲು ಎರಡು ಸಲ ಏಳೋದನ್ನ ನೋಡುತ್ತಿದ್ದೆ. ಅದನ್ನ ತೆಗೆದುಹಾಕೋದು ಅಂದ್ರೆ ಅವರನ್ನೇ ತೆಗೆದುಹಾಕಿದಂಗೆ ಅನ್ನಿಸಿತು.

ಹುಡುಗ ವಾದ ಮಾಡಲಿಲ್ಲ. ಮರುದಿನ ಬೆಳಿಗ್ಗೆ ಚಾವಿ ಕೈಗೆ ಕೊಟ್ಟು, "ನಡೀರಿ ಕಾಕಾ, ಸಂಕೇಶ್ವರ ತನಕ ನೀವೇ ಹೊಡೀರಿ" ಅಂದ. ಅಷ್ಟೇ.

ನಿಪ್ಪಾಣಿ ದಾಟಿದ ಕೂಡಲೇ ತವಂದಿ ಘಾಟು. ಎಲ್ಲ ಮರ್ತಿದ್ದೆ. ಎರಡನೇ ಗೇರಲ್ಲಿ ಏರುತ್ತಿದ್ದೆ. ಮುಂದೆ ಕಬ್ಬಿನ ಲಾರಿಯೊಂದು ನಡಿಗೆ ವೇಗಕ್ಕೆ ಇಳಿಯಿತು. ಮೊದಲನೇ ಗೇರು ಬೇಕು, ಅದು ಬೀಳವಲ್ಲದು. ಹಲ್ಲು ಮಸೆಯಿತು, ಗಾಡಿ ನಿಂತಿತು, ಹಿಂದಕ್ಕೆ ಸರಿಯತೊಡಗಿತು. ಹಿಂದೆ ಒಂದು ಕಂಟೇನರ್. ಹ್ಯಾಂಡ್‌ಬ್ರೇಕ್ ಎಳೆದು ಹೇಗೋ ಮತ್ತೆ ಹೊರಟೆ, ಅಂಗಿ ಬೆನ್ನಿಗೆ ಅಂಟಿತ್ತು. ಹುಡುಗ ಏನೂ ಅನ್ನಲಿಲ್ಲ.

ಘಾಟು ಮುಗಿದು ಸಪಾಟು ರಸ್ತೆ ಸಿಕ್ಕ ಮೇಲೆ ಇನ್ನೊಂದು ತೊಂದರೆ. ಈ ಗಾಡಿಯ ಹಿಂದಿನ ಆಕ್ಸಲಿನ ಅನುಪಾತ 4.11. ಅಂದ್ರೆ ಚಕ್ರ ಒಂದು ಸುತ್ತು ತಿರುಗೋಕೆ ಕಾರ್ಡನ್ ಶಾಫ್ಟು ನಾಲ್ಕು ಸುತ್ತಿಗಿಂತ ಹೆಚ್ಚು ತಿರುಗಬೇಕು. ಮೂರನೇ ಗೇರು ನೇರ, ಒಂದಕ್ಕೊಂದು. ಗಂಟೆಗೆ 80 ಕಿಲೋಮೀಟರ್ ಹೋದರೆ ಎಂಜಿನ್ ನಿಮಿಷಕ್ಕೆ ಸುಮಾರು 2450 ಸುತ್ತು, 90ಕ್ಕೆ 2750. ಇದೇನು ಮಹಾ, ಇವತ್ತಿನ ಕಾರು ನಾಲ್ಕು ಸಾವಿರ ತಿರುಗುತ್ತದಲ್ಲ ಅನ್ನಬಹುದು ನೀವು. ಆದರೆ ಅದು 216 ಘನ ಇಂಚಿನ, ಮೂರೂವರೆ ಲೀಟರಿನ ಹಳೇ ಆರು ಸಿಲಿಂಡರ್. ಬೇರಿಂಗುಗಳು ಎರಕ ಹೊಯ್ದ ಬ್ಯಾಬಿಟ್ ಲೋಹದವು. ಕನೆಕ್ಟಿಂಗ್ ರಾಡುಗಳಿಗೆ ಒತ್ತಡದಲ್ಲಿ ಎಣ್ಣೆ ಹೋಗೋದಿಲ್ಲ, ರಾಡಿನ ತುದಿಯ ಚಮಚದಂಥ ಭಾಗ ತಿರುಗುವಾಗ ಎಣ್ಣೆ ಹಿಡಿದುಕೊಳ್ಳಬೇಕು. ಗದ್ದೆಯ ದಾರಿಗೆ, 60ರ ವೇಗಕ್ಕೆ ಅದು ಗಟ್ಟಿಮುಟ್ಟಾದ ಎಂಜಿನ್. ತಾಸುಗಟ್ಟಲೆ ಹೆದ್ದಾರಿ ವೇಗದಲ್ಲಿ ಓಡಿಸೋಕೆ ಮಾಡಿದ್ದಲ್ಲ. ಬ್ಯಾಬಿಟ್ ಒಮ್ಮೆ ಕರಗಿದರೆ ಮತ್ತೆ ಎರಕ ಹೊಯ್ಯುವ ಮಿಸ್ತ್ರಿ ಎಲ್ಲಿ ಸಿಗುತ್ತಾನೆ ಈಗ?

ಹಾಗಂತ 50ರಲ್ಲಿ ಹೋಗೋಣ ಅಂದ್ರೆ ಹಿಂದಿನ ಲಾರಿಗಳು ಬಿಡುತ್ತವೆಯೇ? ಹಾರನ್ನು ಕೇಳಿ ಕೇಳಿ ಕಿವಿ ತೂತು ಬಿತ್ತು.

ಅಲ್ಲಿ ನನಗೆ ಹೊಳೀತು. ಹುಡುಗ ಕೇಳುತ್ತಿರೋದು ಅಜ್ಜನ ಗಾಡಿ ಕೆಡಿಸೋಕೆ ಅಪ್ಪಣೆ ಅಲ್ಲ. ಐದನೇ ಗೇರು ಓವರ್‌ಡ್ರೈವ್, ಅನುಪಾತ ಮುಕ್ಕಾಲರ ಆಸುಪಾಸು ಇದ್ದರೆ ಅದೇ 80ಕ್ಕೆ ಎಂಜಿನ್ ಸುಮಾರು 1850 ಸುತ್ತು ತಿರುಗಿದರೆ ಸಾಕು. ಗೇರ್‌ಬಾಕ್ಸ್ ಬದಲಾದರೆ ಅಪ್ಪನ ಎಂಜಿನ್ ಉಳಿಯುತ್ತೆ. ಗೇರ್‌ಬಾಕ್ಸ್ ಉಳಿಸಿಕೊಂಡು ಓಡಿಸಿದರೆ ಎಂಜಿನ್ ಹೋಗುತ್ತೆ. ಎರಡನ್ನೂ ಉಳಿಸಬೇಕಾದರೆ ಶೆಡ್ಡಿನಲ್ಲೇ ಇಡಬೇಕು, ಶೆಡ್ಡಿನಲ್ಲಿಟ್ಟರೆ ಇನ್ನೈದು ವರ್ಷಕ್ಕೆ ಯಾರೋ ಮದುವೆ ಮೆರವಣಿಗೆಯವನು ಬಂದು ಒಯ್ತಾನೆ. ಈಗಾಗಲೇ ಒಬ್ಬ ಕೇಳಿ ಹೋಗಿದ್ದಾನೆ.

ಹಾಗಂತ ಇದು ನಾಲ್ಕು ಬೋಲ್ಟು ಬಿಚ್ಚಿ ನಾಲ್ಕು ಬೋಲ್ಟು ಕೂಡಿಸುವ ಕೆಲಸ ಅಲ್ಲ. ಅಮೆರಿಕದಲ್ಲಿ ಈ ಗಾಡಿಗೆ ಬೋರ್ಗ್ ವಾರ್ನರ್ ಟಿ5 ಅನ್ನೋ ಪೆಟ್ಟಿಗೆ ಕೂಡಿಸೋದು ಬಹಳ ರೂಢಿ. ಶೆವ್ರೊಲೆಯದೇ ಎಸ್-10 ಅನ್ನೋ ಚಿಕ್ಕ ಪಿಕಪ್ಪಿನಲ್ಲಿ ಬರುತ್ತಿದ್ದ ಟಿ5ರ ಹಿಡಿಕೆ ಸಾಕಷ್ಟು ಮುಂದಕ್ಕಿರೋದರಿಂದ ಉದ್ದ ಸೀಟಿಗೆ ತಾಗೋದಿಲ್ಲ, ಅದಕ್ಕೇ ಅದಕ್ಕೆ ಬೇಡಿಕೆ. ನಮ್ಮಲ್ಲಿ ಎಸ್-10 ಎಲ್ಲಿಂದ ಬರಬೇಕು? ತರಿಸಿದರೆ ಸುಂಕ ಕಟ್ಟಬೇಕು. ಇಲ್ಲವೇ ಹಿಂದಿನ ಚಕ್ರ ತಿರುಗಿಸುವ ಯಾವುದಾದರೂ ದೇಸಿ ಗಾಡಿಯ ಐದು ಗೇರಿನ ಪೆಟ್ಟಿಗೆ ಹಿಡಿದು ಅಡಾಪ್ಟರ್ ಪ್ಲೇಟು ಮಾಡಿಸಬೇಕು. ಕೊಲ್ಲಾಪುರದ ಉದ್ಯಮನಗರದಲ್ಲಿ ಲೇತ್ ಕೆಲಸಕ್ಕೇನು ಬರವಿಲ್ಲ. ಆದರೆ ಪೆಟ್ಟಿಗೆ ಎಂಜಿನ್ನಿನ ನಡುಗೆರೆಗೆ ಕರಾರುವಾಕ್ಕಾಗಿ ಕೂಡಬೇಕು, ಕೂದಲೆಳೆಯಷ್ಟು ಓರೆಯಾದರೂ ಬೇರಿಂಗು, ಕ್ಲಚ್ಚು ಎರಡೂ ಬೇಗ ಹಾಳಾಗುತ್ತವೆ. ಹೊಸ ಶಾಫ್ಟಿನ ಹಲ್ಲು ಹಳೇ ಕ್ಲಚ್ ಪ್ಲೇಟಿಗೆ ಹೊಂದೋದಿಲ್ಲ, ಪ್ಲೇಟೂ ಬದಲಾಗಬೇಕು. ಶಾಫ್ಟಿನ ಮೂತಿ ಕೂರುವ ಪೈಲಟ್ ಬುಷ್ಷನ್ನೂ ಅಳತೆಗೆ ಮಾಡಿಸಬೇಕು.

ದೊಡ್ಡ ತೊಡಕು ಹಿಂದೆ ಇದೆ. 1954ರವರೆಗಿನ ಈ ಅರ್ಧ ಟನ್ ಗಾಡಿಗಳಲ್ಲಿ ಕಾರ್ಡನ್ ಶಾಫ್ಟು ಹೊರಗೆ ಕಾಣೋದಿಲ್ಲ, ಒಂದು ದಪ್ಪ ಕೊಳವೆಯೊಳಗೆ ತಿರುಗುತ್ತೆ. ಅದಕ್ಕೆ ಟಾರ್ಕ್ ಟ್ಯೂಬ್ ಅಂತಾರೆ. ಅದು ಗೇರ್‌ಬಾಕ್ಸಿನ ಹಿಂಬದಿಗೇ ಕೂಡಿಕೊಂಡಿದ್ದು, ಆಕ್ಸಲ್ ತಿರುಚಿಕೊಳ್ಳದಂತೆ ತಡೆಯೋದೂ ಅದೇ. ಹಳೇ ಪೆಟ್ಟಿಗೆ ಹೋದರೆ ಕೊಳವೆಯೂ ಹೋಯ್ತು, ಕೊಳವೆ ಹೋದರೆ ಹಿಂದಿನ ಆಕ್ಸಲೂ ಹೋಯ್ತು. ತೆರೆದ ಶಾಫ್ಟಿನ ಬೇರೆ ಆಕ್ಸಲು ಹಾಕಿ, ಅದರ ಕೋನ ಸರಿಯಾಗಿ ಕೂಡಿಸಬೇಕು. ಅಣ್ಣ ಹೇಳೋದರಲ್ಲೂ ಅರ್ಥ ಇದೆ ನೋಡಿ, "ಒಂದು ಬಿಚ್ಚಿದ್ರ ಹತ್ತು ಬಿಚ್ಚಬೇಕಾಗ್ತದ" ಅಂತಾನೆ ಅವನು.

ಅದಕ್ಕೇ ನಾನು ಹೂಂ ಅಂದದ್ದು ಮೂರು ಷರತ್ತಿನ ಮೇಲೆ. ಮೊದಲನೆಯದು, ಚಾಸಿಗೆ ಗ್ಯಾಸ್ ಕಟರ್ ಮುಟ್ಟಿಸಬಾರದು. ಹೊಸ ಆಧಾರಗಳೆಲ್ಲ ಬೋಲ್ಟಿನ ಮೇಲೆ ಕೂರಬೇಕು, ನಾಳೆ ಯಾರಿಗಾದರೂ ಮೊದಲಿನಂತೆ ಮಾಡಬೇಕು ಅನ್ನಿಸಿದರೆ ಆಗಬೇಕು. ಹಿಡಿಕೆಗೆ ನೆಲದ ತಗಡಿನಲ್ಲಿ ತೂತು ಬೇಕಲ್ಲ, ಅದಕ್ಕೆ ಬೇರೆ ತಗಡು ಮಾಡಿಸಿ ಹಳೇದನ್ನ ಎತ್ತಿಡಬೇಕು. ಎರಡನೆಯದು, ತೆಗೆದ ಪೆಟ್ಟಿಗೆ, ಕೊಳವೆ, ಆಕ್ಸಲು ಗುಜರಿಗೆ ಹೋಗಬಾರದು, ಗ್ರೀಸು ಬಳಿದು ಸುತ್ತಿ ಇಡಬೇಕು. ಮೂರನೆಯದು ಎಲ್ಲಕ್ಕಿಂತ ಮುಖ್ಯ, ಗೇರಿಗಿಂತ ಮೊದಲು ಬ್ರೇಕು. ನಾಲ್ಕೂ ಡ್ರಮ್ಮು, ಒಂದೇ ಮಾಸ್ಟರ್ ಸಿಲಿಂಡರು, ಒಂದು ಕಡೆ ಸೋರಿದರೆ ನಾಲ್ಕೂ ಸತ್ತವು. ಓಡುವ ಶಕ್ತಿ ಕೊಟ್ಟು ನಿಲ್ಲುವ ಶಕ್ತಿ ಕೊಡದೇ ಇರೋದು ಪಾಪದ ಕೆಲಸ.

ಕಾನೂನಿನ ಮಾತೂ ಬಂತು. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ಐವತ್ತು ವರ್ಷ ದಾಟಿದ ಗಾಡಿಗಳಿಗೆ ವಿಂಟೇಜ್ ನೋಂದಣಿಯ ನಿಯಮ ತಂದಿದೆ. ಚಾಸಿ, ಬಾಡಿ, ಎಂಜಿನ್ ಬದಲಿಸಿರಬಾರದು ಅನ್ನೋದು ಅದರ ಷರತ್ತು. ಹಾಗೆ ನೋಂದಾಯಿಸಿದ ಗಾಡಿಯನ್ನ ದಿನಬಳಕೆಗೆ, ವ್ಯಾಪಾರಕ್ಕೆ ಓಡಿಸುವಂತಿಲ್ಲ. ಅಂದ್ರೆ ಪ್ರದರ್ಶನದ ಗಾಡಿಯೋ ಓಡುವ ಗಾಡಿಯೋ ಅನ್ನೋದನ್ನ ಮೊದಲೇ ತೀರ್ಮಾನಿಸಬೇಕು. ಬಿಚ್ಚುವ ಮೊದಲು ಆರ್‌ಟಿಒದಲ್ಲಿ ಕೇಳಿ ಅಂತ ಹುಡುಗನಿಗೆ ಹೇಳಿದ್ದೇನೆ. ನೀವೂ ಅದನ್ನೇ ಮಾಡಿ.

ಇನ್ನು ನನ್ನ ಮನಸ್ಸಿಗೆ ಚುಚ್ಚಿದ ಮಾತು ಹೇಳಿಬಿಡ್ತೀನಿ. ನಾವು ಹೊರಗಿರುವವರಿಗೆ ಊರಿನಲ್ಲಿ ಏನೂ ಬದಲಾಗಬಾರದು. ಹಂಚಿನ ಮನೆ ಹಂಚಿನದೇ ಇರಬೇಕು, ಬೀಸುಕಲ್ಲು ಅಲ್ಲೇ ಇರಬೇಕು, ಅಪ್ಪನ ಗಾಡಿ ಅಪ್ಪನ ಗಾಡಿಯೇ ಆಗಿರಬೇಕು. ವರ್ಷಕ್ಕೆ ಎರಡು ಸಲ ಬಂದು ನೋಡಿ, ಫೋಟೋ ತೆಗೆದು, ಪುಣೆಗೆ ವಾಪಸು ಹೋಗಿ ಪವರ್ ಸ್ಟೀರಿಂಗಿನ ಕಾರು ಹತ್ತುತ್ತೇವೆ. ಆ ಗಾಡಿಯ ಎಣ್ಣೆ ಬದಲಿಸೋದು, ಶೆಡ್ಡಿನ ಇಲಿ ಓಡಿಸೋದು, ಘಾಟಿನಲ್ಲಿ ಹಿಂದೆ ಸರಿಯುವಾಗ ಬೆವರು ಹರಿಸೋದು ಅಲ್ಲಿರುವ ಹುಡುಗ. ಓಡಿಸುವವನ ಮಾತಿಗೆ ನೋಡುವವನ ಮಾತಿಗಿಂತ ಹೆಚ್ಚು ತೂಕ ಇರಬೇಕು ಅನ್ನೋದು ನನ್ನ ಅಂಬೋಣ.

ಅಪ್ಪನೂ ಭಾವುಕ ಮನುಷ್ಯ ಆಗಿರಲಿಲ್ಲ ಬಿಡಿ. ಆರು ವೋಲ್ಟಿನ ಬ್ಯಾಟರಿ ತೆಗೆದು ಹನ್ನೆರಡರದು ಹಾಕಿಸಿದ್ದು ಅವರೇ. ಅದನ್ನ ನೆನಪಿಸಿದಾಗ ಅಣ್ಣ ಸ್ವಲ್ಪ ಹೊತ್ತು ಸುಮ್ಮನೆ ಕೂತ. ಆಮೇಲೆ ಮಗನಿಗೆ ಅಂದದ್ದು ಇಷ್ಟು. "ಆತಳಪಾ, ಮಾಡ್ಕೋ. ಆದ್ರ ಸ್ಟೀರಿಂಗ್ ಮ್ಯಾಲಿನ ಹಿಡಿಕಿ ತೆಗೀಬ್ಯಾಡ. ಕೆಲಸ ಮಾಡದಿದ್ರೂ ಇರ್ಲಿ."

ಹುಡುಗ ಒಪ್ಪಿದ್ದಾನೆ. ಈಗ ಬ್ರೇಕಿನ ಕೆಲಸ ನಡೆದಿದೆ. ದೀಪಾವಳಿಗೆ ಹೋದಾಗ ಇನ್ನೊಂದು ಸಲ ತವಂದಿ ಘಾಟು ಹತ್ತಿ ನೋಡುವ ಆಸೆ ಇದೆ, ಹೊಸ ಪೆಟ್ಟಿಗೆ ಅಷ್ಟರೊಳಗೆ ಕೂತಿದ್ದರೆ.

ನಿಮ್ಮ ಮನೆಯಲ್ಲೂ ಹೀಗೆ ಶೆಡ್ಡಿನಲ್ಲಿ ಕೂತ ಗಾಡಿ ಇದ್ದರೆ ಏನು ಮಾಡಿದಿರಿ, ಹಾಗೇ ಇಟ್ಟಿರೋ, ಬದಲಿಸಿ ಓಡಿಸಿದಿರೋ? ತಿಳಿಸಿ.